ಹೊಗೆ ಕುಡಿದ ಮಣಿ

ಎಂಜಿನ್ನಿನ ವಿಷಯ ಬಲ್ಲವರು ಮೊದಲೇ ಕ್ಷಮಿಸಬೇಕು. ಅಂದು ಮೆಕ್ಯಾನಿಕ್ ಎಸೆನ್‌ನ ಶೆಡ್ಡಿನಲ್ಲಿ ನಾನು ಟಾರ್ಚು ಹಿಡಿದು ನಿಂತಿದ್ದೆ, ಈ ಕಥೆ ಹೇಳಲು ನನಗಿರುವ ಅರ್ಹತೆ ಅಷ್ಟೇ. ಎಲ್ಲಾದರೂ ತಪ್ಪಿದ್ದರೆ ಅದು ನನ್ನದು, ಕಾರಿನದಲ್ಲ.

ಕಾರು ನಮ್ಮ ಪಕ್ಕದ ಮನೆಯ ತೊಲೊಮುಶ್‌ನದು. ಹಳೆಯ ಟರ್ಬೊ ಗಾಡಿ. ಓಡುವಾಗ ಸುಮಾರಾಗಿ ಓಡುತ್ತಿತ್ತು. ನಿಂತರೆ ಸಾಕು, ಎಂಜಿನ್ನು ಸುಮ್ಮಸುಮ್ಮನೆ ಗುಡುಗಿ ಮೇಲೇರುವುದು, ಉಸಿರು ಕಟ್ಟಿದಂತೆ ಕುಸಿಯುವುದು, ಮತ್ತೆ ಏರುವುದು. ಇದಕ್ಕೆ ಮದ್ದು ಗೊತ್ತಿಲ್ಲದ ಗಂಡಸು ನಮ್ಮ ಬೀದಿಯಲ್ಲಿ ಇರಲಿಲ್ಲ. ಒಬ್ಬರ ಮಾತಿಗೆ ಪ್ಲಗ್ಗು ಬದಲಾಯಿತು, ಇನ್ನೊಬ್ಬರ ಮಾತಿಗೆ ಪೆಟ್ರೋಲ್ ಪಂಪು. ಮತ್ತೊಬ್ಬರು, ಹುಟ್ಟಿದಾಗಿನಿಂದ ಕತ್ತೆ ಬಿಟ್ಟು ಬೇರೇನನ್ನೂ ಓಡಿಸದವರು, ಟರ್ಬೊನೇ ಹೋಗಿದೆ ಎಂದು ತೀರ್ಪು ಕೊಟ್ಟು, ಚಹಾ ಕುಡಿದು ಎದ್ದುಹೋದರು. ಗಾಡಿ ಎಲ್ಲರ ಸಲಹೆಯನ್ನೂ ಭೇದವಿಲ್ಲದೆ ಸ್ವೀಕರಿಸಿ, ಮೊದಲಿನಂತೆಯೇ ತೇಕುತ್ತಿತ್ತು.

ಅಂದೇ ಅದು ಸರಿಹೋಗಬೇಕಿತ್ತು. ತೊಲೊಮುಶ್‌ನ ಮಗನಿಗೆ ಹೆಣ್ಣು ಕೊಡಲಿದ್ದ ಬುರುಲ್ಚಾ, ಇವನ ಮನೆಯಲ್ಲಿ ಔತಣ ಉಂಡು, ಘಾಟಿಯಾಚೆಯ ತಲಾಸ್ ಊರಿನ ತಮ್ಮ ಮನೆಗೆ ಹೊರಟಿದ್ದರು. ಅಲ್ಲಿ ಸೇರಿದ ಮೇಲೆ ಮದುವೆಯ ದಿನ ಗೊತ್ತುಮಾಡುವುದು ಎಂದಾಗಿತ್ತು. ನಮ್ಮ ಗಾಡಿಯಲ್ಲೇ ಬಿಟ್ಟು ಬರುತ್ತೇನೆ, ಘಾಟಿಯನ್ನು ಕುದುರೆ ಹಾಗೆ ಹತ್ತುತ್ತದೆ ಎಂದು ಇವನು ಮಾಂಸದ ತಟ್ಟೆಯ ಮುಂದೆ ಕೊಚ್ಚಿಕೊಂಡಿದ್ದ. ಬುರುಲ್ಚಾ ಶಕುನ ನೋಡುವವರು. ಹಿರಿಮಗಳ ಮದುವೆಯನ್ನು, ಹೊರಡುವ ಹೊತ್ತಿಗೆ ಕುರಿಯೊಂದು ಸೀನಿತೆಂದು, ಮರುವರ್ಷಕ್ಕೆ ತಳ್ಳಿದವರು. ಕುರಿ ಸೀನಿದ್ದಕ್ಕೇ ಒಂದು ವರ್ಷವಾದರೆ ಕಾರು ತೇಕಿದ್ದಕ್ಕೆ ಎಷ್ಟಾದೀತು? ಅದಕ್ಕೇ ತೊಲೊಮುಶ್ ಟೈರಿಗೆ ಗಾಳಿ ತುಂಬಿಸುವ ನೆವ ಹೇಳಿ, ಆಕೆಯನ್ನು ಪಕ್ಕದ ಚಹಾದಂಗಡಿಯಲ್ಲಿ ಕೂರಿಸಿ, ಶೆಡ್ಡಿಗೆ ಬಂದಿದ್ದ.

ಎಸೆನ್ ಬಾನೆಟ್ ಎತ್ತಿ ಸ್ವಲ್ಪ ಹೊತ್ತು ಕಿವಿಗೊಟ್ಟ.

"ಟರ್ಬೊಗೆ ಏನೂ ಆಗಿಲ್ಲ ಅಣ್ಣ. ಎಲ್ಲೋ ಕಳ್ಳಗಾಳಿ ಎಳೀತಿದೆ. ನಿಂತಾಗ ಹೊರಗಿನ ಗಾಳಿ ಒಳಗೆ ನುಗ್ಗುತ್ತೆ. ಘಾಟಿ ಹತ್ತುವಾಗ ಟರ್ಬೊ ಊದಿದ್ದೆಲ್ಲ ಅದೇ ತೂತಿಂದ ಆಚೆ. ಇದು ಕುದುರೆ ಹಾಗೆ ಹತ್ತಲ್ಲ, ಕುದುರೆ ಕಟ್ಟಿ ಎಳೆಸಬೇಕು."

"ಮೆಲ್ಲಗೆ ಮಾತಾಡೋ. ಬೀಗಿತ್ತಿಗೆ ಕೇಳುತ್ತೆ."

"ಅದನ್ನ ಗಾಡಿಗೆ ಹೇಳು."

ತೂತು ಮಾತ್ರ ಸಿಗಲಿಲ್ಲ. ಎಸೆನ್ ಪೈಪುಗಳನ್ನು ಒಂದೊಂದಾಗಿ ಹಿಸುಕಿ ನೋಡಿದ; ನಾನು ಟಾರ್ಚನ್ನು ಬಹುಶಃ ತಪ್ಪು ಕಡೆಗೇ ಹಿಡಿದಿದ್ದೆ. ಅಷ್ಟರಲ್ಲಿ ಬುರುಲ್ಚಾ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಚಹಾದಂಗಡಿಯ ಕಬ್ಬಿಣದ ಸೌಟು, ಅದರಲ್ಲಿ ಹೊಗೆಯಾಡುವ ಅರ್ಚಾ ಸೊಪ್ಪು. ದೃಷ್ಟಿ ತೆಗೆಯಲು ನಮ್ಮಲ್ಲಿ ಅದನ್ನೇ ಸುಡುವುದು.

"ಅಂಗಡಿ ತನಕ ಕೇಳಿಸ್ತಿದೆ ಇದರ ನರಳಾಟ. ಯಾರದೋ ಕಣ್ಣು ಬಿದ್ದಿದೆ ಬೀಗರೇ. ನೀವು ಮೂರು ಜನ ಗಂಡಸರು ಇಣುಕಿದ್ರೆ ಹೋಗುತ್ತಾ ಅದು?"

ತೊಲೊಮುಶ್ ಬಿಳುಚಿಕೊಂಡ. ಎಂಜಿನ್ನು ನಿಲ್ಲಿಸಬೇಡಿ ಎಂದು ಆಜ್ಞೆಯಾಯಿತು. ಆಕೆ ಕಾರನ್ನು ಸುತ್ತಿ ಬಂದು, ಸೌಟನ್ನು ಬಾನೆಟ್ಟಿನ ಕೆಳಗೆ ಹಿಡಿದರು. ಹೊಗೆ ಸೋಮಾರಿಯಾಗಿ ಎಂಜಿನ್ನಿನ ಮೇಲೆ ಹರಡಿತು. ಒಂದು ಕಡೆ ಮಾತ್ರ ಅದು ದಾರದ ಎಳೆಯಷ್ಟು ಸಣ್ಣದಾಗಿ, ಬಾಗಿ, ಸರ್ರನೆ ಒಳಗೆ ಹೋಯಿತು. ಅಲ್ಲಿ ಹೆಬ್ಬೆರಳು ದಪ್ಪದ ರಬ್ಬರ್ ಪೈಪಿಗೆ, ತಂತಿಯಲ್ಲಿ, ನೀಲಿ ಕಣ್ಣಿನ ಮಣಿಯೊಂದು ಕಟ್ಟಿತ್ತು. ನಿಶ್ಚಿತಾರ್ಥದ ದಿನ, ಹೊಸ ನೆಂಟರ ಗಾಡಿಗೆ ದೃಷ್ಟಿಯಾಗದಿರಲೆಂದು ಬುರುಲ್ಚಾ ತಮ್ಮ ಕೈಯಾರೆ ಕಟ್ಟಿದ್ದು. ಎಂಜಿನ್ನು ನಡುಗಿದಷ್ಟೂ ತಂತಿ ಗರಗಸದ ಹಾಗೆ ಪೈಪನ್ನು ಕೊಯ್ದಿತ್ತು.

ಎಸೆನ್ ಬಾಯಿ ತೆರೆದ. ತೊಲೊಮುಶ್ ಅವನ ಕಾಲು ತುಳಿದ.

"ಹೊಗೆ ಎಲ್ಲಿ ಹೋಯ್ತು?" ಬುರುಲ್ಚಾ ಕೇಳಿದರು.

"ನಿಮ್ಮ ಮಣಿ ಕುಡಿದುಬಿಡ್ತು, ಬೀಗಿತ್ತಮ್ಮ," ಎಂದ ತೊಲೊಮುಶ್.

ಆಕೆಯ ಮುಖ ಅರಳಿತು. ಈ ಸುದ್ದಿಯನ್ನು ಚಹಾದಂಗಡಿಗೆ ಮುಟ್ಟಿಸಲು ಸೌಟಿನ ಸಮೇತ ಹೊರಟರು. ಆ ಸಂದಿನಲ್ಲಿ ಎಸೆನ್ ಹರಿದ ಪೈಪು ತೆಗೆದು ಹೊಸದು ತೊಡಿಸಿ ಬಿಗಿದ. ಗಾಡಿ ನಿದ್ದೆ ಹೋದ ಬೆಕ್ಕಿನಂತೆ ಒಂದೇ ಸಮನೆ ಗುರುಗುಟ್ಟಿತು. ಮಣಿಯನ್ನು ಯಾರಿಗೂ ತೊಂದರೆಯಾಗದಂತೆ ದೀಪದ ಹಿಂದಿನ ಸರಳಿಗೆ ದಾರದಲ್ಲಿ ಕಟ್ಟಿದ. ತೊಲೊಮುಶ್ ಕಣ್ಣೊರೆಸಿಕೊಂಡ, ಹೊಗೆಗೆ ಇರಬಹುದು.

ಬುರುಲ್ಚಾ ಮರಳಿ ಬಂದು ಬಾನೆಟ್ಟಿನೊಳಗೆ ನೋಡಿದರು.

"ಮಣಿ ಜಾಗ ಬಿಟ್ಟಿದೆಯಲ್ಲ."

"ಹೊಗೆ ಕುಡಿದು ಭಾರ ಆಗಿತ್ತು. ಜಾರಿಬಿಡ್ತು," ಎಂದ ತೊಲೊಮುಶ್.

"ನನ್ನದೇ ತಪ್ಪು. ಅವತ್ತು ಸಡಿಲ ಕಟ್ಟಿದ್ದೆ." ಆಕೆ ಚೀಲದಿಂದ ಇನ್ನೊಂದು ಮಣಿ ತೆಗೆದರು, ಹಳೆಯದರ ಎರಡರಷ್ಟು ದೊಡ್ಡದು, ತಂತಿಯೂ ಅದಕ್ಕೆ ತಕ್ಕಂತೆ. ಜಾಗ ಹುಡುಕಿದರು. ಇಡೀ ಎಂಜಿನ್ನಿನಲ್ಲಿ ಹೊಳೆಯುತ್ತಿದ್ದದ್ದು ಆ ಹೊಸ ಪೈಪು ಒಂದೇ. "ಇಕ್ಕಳ ಕೊಡಪ್ಪ."

ಎಸೆನ್ ತೊಲೊಮುಶ್‌ನ ಮುಖ ನೋಡಿದ. ತೊಲೊಮುಶ್ ಶೆಡ್ಡಿನ ತಗಡು ನೋಡಿದ. ಎಸೆನ್ ಇಕ್ಕಳ ಕೊಟ್ಟ. ಬುರುಲ್ಚಾ ತಂತಿಯನ್ನು ರಬ್ಬರಿನೊಳಗೆ ಹೂತುಹೋಗುವಷ್ಟು ತಿರುಚಿ, "ಇನ್ನು ಜಾರಲ್ಲ," ಎಂದು ಮುಂದಿನ ಸೀಟಿನಲ್ಲಿ ಕೂತರು.

ಮದುವೆಯ ದಿನ ಗೊತ್ತಾಗಿದೆ. ನನಗೂ ಕರೆ ಬಂದಿದೆ. ತೊಲೊಮುಶ್ ಮಾತ್ರ ತಲಾಸಿನಿಂದ ಬಸ್ಸಿನಲ್ಲಿ ಬಂದ. ಕಾರನ್ನು ಬೀಗರಿಗೆ ಉಡುಗೊರೆ ಕೊಟ್ಟೆ ಎನ್ನುತ್ತಾನೆ. ಬೀದಿಯೆಲ್ಲ ಅವನ ದೊಡ್ಡ ಮನಸ್ಸನ್ನು ಹೊಗಳುತ್ತಿದೆ. ಆ ದೊಡ್ಡ ಮನಸ್ಸು ಘಾಟಿಯ ಯಾವ ತಿರುವಿನಲ್ಲಿ ಬಂತೋ ನನಗೆ ಗೊತ್ತಿಲ್ಲ.