ಭಗವಂತನ ಗಿಟಾರ್ ಪೆಟ್ಟಿಗೆ

ತಂತಿ ತಾನಾಗಿ ಹರಿದಿರಲಿಲ್ಲ. ಯಾರೋ ಕತ್ತರಿಸಿದ್ದರು.

ಖಾಜಾಮಿಯಾ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಪೆಟ್ಟಿಗೆಯೊಳಗೆ ಇಣುಕಿದರು. ಸ್ಪೀಕರಿಗೆ ಹೋಗುವ ಕೆಂಪು ತಂತಿಯ ತುದಿ ನುಣ್ಣಗಿತ್ತು. ಜಗ್ಗಿ ಹರಿದಿದ್ದರೆ ಎಳೆಗಳು ಕೆದರಿಕೊಂಡಿರಬೇಕಿತ್ತು.

ಶಹಾಬಾದಿನ ಸ್ಟೇಷನ್ ರಸ್ತೆಯಲ್ಲಿ ಅವರದು ರೇಡಿಯೊ ರಿಪೇರಿ ಅಂಗಡಿ. ಗಿಟಾರಿನ ಆಂಪ್ಲಿಫಯರ್ ಎಂಬುದು ಊರಿಗೆಲ್ಲ ಇದೊಂದೇ. ವಾಲ್ವ್ ಇಲ್ಲದ, ಬರೀ ಟ್ರಾನ್ಸಿಸ್ಟರಿನ ಪೆಟ್ಟಿಗೆ. ಭಗವಂತ ಅದನ್ನು ಹೈದರಾಬಾದಿನಿಂದ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಭಂಕೂರ ಕಡೆಯ ಕಲ್ಲುಗಣಿಯಲ್ಲಿ ಮದ್ದು ಸಿಡಿಸುವುದು ಅವನ ಕೆಲಸ. ಭಾನುವಾರ ರಜೆಯ ದಿನ ವಾಡಿಯ ರೈಲ್ವೆ ಕಾಲೋನಿಯಲ್ಲಿ, ಅಲ್ಲಿನ ವಾದ್ಯ ಮೇಳದ ಜೊತೆ ಗಿಟಾರು ನುಡಿಸುತ್ತಿದ್ದ. ಗಣಿಯಲ್ಲಿ ಅವನ ಹೆಸರು ಯಾರಿಗೂ ಬೇಕಿರಲಿಲ್ಲ. ವಾಡಿಯಲ್ಲಿ ಜನ ಹೆಸರು ಹಿಡಿದು ಕೂಗುತ್ತಿದ್ದರು.

ಮೊದಲ ಸಲ ತಂದಾಗ ಔಟ್‌ಪುಟ್ ಟ್ರಾನ್ಸಿಸ್ಟರುಗಳು ಸುಟ್ಟುಹೋಗಿದ್ದವು. ಮುಂದಿನ ಸಲ ಸ್ಪೀಕರಿನ ಸುರುಳಿಯೇ ಕರಕಲಾಗಿತ್ತು. ಎರಡೂ ಸಲ ವಾಲ್ಯೂಮ್ ಗುಂಡಿ ಕೊನೆಯವರೆಗೆ ತಿರುಗಿ ನಿಂತಿತ್ತು.

“ದನಿ ಕಮ್ಮಿ ಆಗಾಕತ್ತದ್ರಿ ಉಸ್ತಾದ್,” ಎಂದು ಭಗವಂತ ಆಗ ಕೂಗಿ ಹೇಳಿದ್ದ. ಗಣಿಯವರೆಲ್ಲ ಮಾತಾಡುವುದೇ ಹಾಗೆ. “ಅದರ ಮ್ಯಾಲೆ ಗುಂಯ್ ಅಂತದ. ಬಂದ್ ಮಾಡಿದ್ರೂ ಗುಂಯ್ ಅನ್ನೋದು ನಿಂದ್ರವಲ್ದು.”

ಬಂದ್ ಮಾಡಿದ ಪೆಟ್ಟಿಗೆ ಗುಂಯ್ ಎನ್ನುವುದಿಲ್ಲ. ಕಂಗೆಟ್ಟವನ ಮಾತು ಎಂದುಕೊಂಡು ಖಾಜಾಮಿಯಾ ಗುಂಯ್ ಸದ್ದು ತಡೆಯುವ ಫಿಲ್ಟರ್ ಕಂಡೆನ್ಸರ್ ಬದಲಿಸಿ ಕಳಿಸಿದ್ದರು. ಅಂಗಡಿಯಲ್ಲಿ ಪೆಟ್ಟಿಗೆ ಗಂಟೆಯಂತೆ ನುಡಿದಿತ್ತು. ಮನೆಗೆ ಹೋದದ್ದೇ ಮತ್ತೆ ಕೆಟ್ಟಿತು. ಖಾಜಾಮಿಯಾನ ಕೈಯ ಹದ ಹೋಗಿದೆ, ಕಣ್ಣೂ ಹೋಗಿದೆ ಎಂದು ಬಜಾರಿನಲ್ಲಿ ಮಾತು ಎದ್ದಿತು.

ಈಗ ಈ ತಂತಿ.

“ಇದನ್ನ ಯಾರು ಬಿಚ್ಚಿದ್ರೋ?” ಪೆಟ್ಟಿಗೆಯೊಳಗೆ ತಲೆ ಹಾಕಿಕೊಂಡೇ ಅವರು ಕೇಳಿದರು.

“ಐತವಾರಕ್ಕ ಬೇಕ್ರಿ,” ಎಂದ ಭಗವಂತ.

ಖಾಜಾಮಿಯಾ ತಲೆ ಎತ್ತಿದರು. ಡಾಕ್ಟರು ಏನು ಹೇಳುವರೋ ಎಂದು ಕಾಯುವ ರೋಗಿಯ ಮನೆಯವನಂತೆ ಅವನು ಅವರ ಬಾಯಿಯನ್ನೇ ನೋಡುತ್ತಿದ್ದ.

“ಮೇಳದ ಮಾಸ್ತರ ಆಖ್ರಿ ಮಾತು ಹೇಳ್ಯಾನ್ರಿ. ನೀ ತಾಳ ತಪ್ಪತಿ, ಈ ಐತವಾರ ಸರಿ ನುಡಿಸಲಿಲ್ಲಂದ್ರ ಬ್ಯಾರೇದವನ್ನ ತರ್ತೀನಿ ಅಂದಾನ. ಪೆಟ್ಟಿಗಿ ಕೈ ಕೊಟ್ರ ನಾ ಏನ್ ಮಾಡ್ಲಿ? ಇದೂ ಹೋದ್ರ ನನಗ ಗಣಿ ಒಂದೇ ಉಳಿತದ.” ಉತ್ತರಕ್ಕೂ ಕಾಯದೆ ಪಾಳಿಗೆ ಓಡಿದ.

ಅವನು ತಿರುವಿನಲ್ಲಿ ಮರೆಯಾಗುತ್ತಲೇ ಅವನ ಹೆಂಡತಿ ಮಹಾದೇವಮ್ಮ ಅಂಗಡಿಯ ಮೆಟ್ಟಿಲು ಹತ್ತಿದಳು. ಅವಳು ಇಷ್ಟು ಹೊತ್ತೂ ಎಲ್ಲೋ ಮರೆಯಲ್ಲಿ ನಿಂತಿದ್ದಳೆಂದು ತೋರಿತು.

“ರಿಪೇರಿ ಮಾಡಬ್ಯಾಡ್ರಿ ಚಾಚಾ.”

“ತಂತಿ ನೀನೇ ಕತ್ತರಿಸಿದೇನವ್ವ?”

ಅವಳು ಸುಳ್ಳಾಡಲಿಲ್ಲ. “ಹೌದ್ರಿ. ಅಡಕತ್ತರಿಲೆ.”

“ಯಾಕ? ಗಂಡ ನಾಲ್ಕು ಮಂದ್ಯಾಗ ಹೆಸರು ತಗೊಂಡ್ರ ನಿನಗ ಹೊಟ್ಟಿಕಿಚ್ಚೇನು?”

“ಅಂವ ನುಡಿಸೋದು ಕೇಳಿನೇ ನಾ ಅಂವನ್ನ ಲಗ್ನ ಆಗೀನ್ರಿ.” ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಪೆಟ್ಟಿಗಿ ಕೆಟ್ಟೇ ಇರ್ಲಿ. ಅದು ಚಲೋ ಆದ ದಿನ ನನ್ನ ಗಂಡ ಉಳಿಯಂಗಿಲ್ಲ. ಸತ್ತು ಹೋಗ್ಯದ ಅಂತ ನೀವೇ ಹೇಳಿಬಿಡ್ರಿ. ನಿಮ್ಮ ಮಾತು ನಂಬ್ತಾನ.”

ಖಾಜಾಮಿಯಾಗೆ ಅರ್ಥವಾದದ್ದು ಒಂದೇ. ವಾಡಿ, ಅಲ್ಲಿನ ಮೋಜು, ಕುಡಿಯುವ ಗೆಳೆಯರು, ಹಾಡುವ ಯಾವಳೋ ಒಬ್ಬಳು. ಗಂಡನನ್ನು ಮನೆಯಲ್ಲಿ ಕಟ್ಟಿಹಾಕಲು ಈಕೆ ತಮ್ಮ ಕಸುಬಿನ ಹೆಸರು ಮಣ್ಣುಪಾಲು ಮಾಡಿದ್ದಾಳೆ.

“ಸತ್ತಿಲ್ಲದ್ದಕ್ಕ ಸತ್ತದ ಅಂತ ನಾ ಹೇಳಂಗಿಲ್ಲ. ನಡಿ ಮನಿಗೆ.”

ಅವಳು ಅವರ ಕಾಲು ಹಿಡಿದಳು. ಅವರು ಕಾಲು ಹಿಂದಕ್ಕೆಳೆದುಕೊಂಡರು.

ಶನಿವಾರದ ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿದಿತ್ತು. ಹೊಸ ತಂತಿ, ಹೊಸ ಬೆಸುಗೆ. ಪ್ರತಿ ಟ್ರಾನ್ಸಿಸ್ಟರಿಗೂ ಮೀಟರ್ ಹಚ್ಚಿ ನೋಡಿದ್ದಾಯಿತು. ಈ ಸಲ ಪೆಟ್ಟಿಗೆ ಮಹಾದೇವಮ್ಮನ ಕೈಗೆ ಸಿಗಲು ಬಿಡುವ ಮಾತೇ ಇರಲಿಲ್ಲ. ಖಾಜಾಮಿಯಾ ಅದನ್ನು ಅಂಗಡಿಯ ಮುಂದೆ ಮೇಜಿನ ಮೇಲಿಟ್ಟು ಅಕ್ಕಪಕ್ಕದವರನ್ನೆಲ್ಲ ಕರೆದರು. ದರ್ಜಿ ಬಂದ, ಹೋಟೆಲಿನವರು ಬಂದರು, ಟಾಂಗಾದವನೂ ನಿಂತ. ಎಲ್ಲರೂ ನೋಡಲಿ. ಯಾರ ಕೈ ಹೋಗಿದೆಯೋ ತೀರ್ಮಾನವಾಗಲಿ.

ಭಗವಂತ ಗಣಿಯಿಂದ ನೇರವಾಗಿ ಬಂದ. ರೆಪ್ಪೆಯ ಮೇಲೆ ಇನ್ನೂ ಕಲ್ಲಿನ ಧೂಳಿತ್ತು, ಹೆಗಲಲ್ಲಿ ಗಿಟಾರು. ಅವನ ಹಿಂದೆಯೇ ಏದುಸಿರು ಬಿಡುತ್ತ ಮಹಾದೇವಮ್ಮ ಓಡಿಬಂದಳು.

“ಬ್ಯಾಡ್ರಿ ಚಾಚಾ,” ಎಂದಳು. ಭಗವಂತ ಹಿಂತಿರುಗಿ ನೋಡಲಿಲ್ಲ.

“ಬಾರಿಸು,” ಎಂದು ಖಾಜಾಮಿಯಾ ಕೈಸನ್ನೆ ಮಾಡಿದರು.

ಅವನು ಗಿಟಾರಿನ ವೈರನ್ನು ಪೆಟ್ಟಿಗೆಗೆ ಸಿಕ್ಕಿಸಿದ. ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ. ಕಣ್ಣು ಮುಚ್ಚಿ ಮೀಟಿದ.

ಸ್ಟೇಷನ್ ರಸ್ತೆ ಬೆಚ್ಚಿಬಿತ್ತು. ಹೋಟೆಲಿನ ಗ್ಲಾಸುಗಳು ಒಂದಕ್ಕೊಂದು ತಾಗಿ ಗಲಗಲಿಸಿದವು. ಟಾಂಗಾದ ಕುದುರೆ ಮುಂಗಾಲೆತ್ತಿತು. ಜನ ನಗುತ್ತ, ಬೈಯುತ್ತ ಎರಡೂ ಕಿವಿ ಮುಚ್ಚಿಕೊಂಡರು. ಖಾಜಾಮಿಯಾ ಕೂಡ ಗೆದ್ದ ನಗೆಯಲ್ಲಿ ಕಿವಿ ಮುಚ್ಚಿಕೊಂಡರು. ಮಹಾದೇವಮ್ಮ ಮಾತ್ರ ಕಣ್ಣು ಮುಚ್ಚಿಕೊಂಡಳು.

ಭಗವಂತ ಮತ್ತೆ ಮೀಟಿದ, ಇನ್ನೂ ಜೋರಾಗಿ. ಮತ್ತೆ. ಆಮೇಲೆ ಕಣ್ಣು ತೆರೆದು ಸೋತ ಮುಖದಿಂದ ಪೆಟ್ಟಿಗೆಯತ್ತ ನೋಡಿದ. ತಲೆ ಎತ್ತಿದಾಗ ಎದುರಿಗಿದ್ದ ಜನ ಕಂಡರು. ಕಿವಿ ಮುಚ್ಚಿದ ಅಷ್ಟೂ ಕೈಗಳು ಕಂಡವು. ಒಂದೊಂದನ್ನೇ ನೋಡುತ್ತ ಹೋದ ಅವನ ಮುಖ ಬಿಳಿಚಿಕೊಂಡಿತು.

“ನಿಮಗೆಲ್ಲ…” ಎಂದು ಅವನು ಬೀದಿಗೆಲ್ಲ ಕೇಳುವಂತೆ ಕೂಗಿದ, “ನಿಮಗೆಲ್ಲ ಕೇಳಸಾಕತ್ತದೇನ್ರಿ?”