ಎಕ್ಸ್‌ರೇಯಲ್ಲಿ ಕಾಣದ ನೋವು

ಡಾಕ್ಟರ್ ಝೀಟಾ ಎಷ್ಟು ಒತ್ತಿದರೆ ನೋವಾಗುತ್ತದೆಂದು ಅಳೆಯುವ ಉಪಕರಣವನ್ನು ತನ್ನ ಸೊಂಟದ ಮೇಲೆ ಮೆಲ್ಲನೆ ಊರಿದ್ದೇ ಶರಣಮ್ಮ ಮಂಚದ ಅಂಚನ್ನು ಬಿಗಿಯಾಗಿ ಹಿಡಿದಳು. ನರಳಿದರೆ ಗಂಡ ಬೈಯುತ್ತಾನೆಂದು ತುಟಿ ಮಾತ್ರ ಬಿಚ್ಚಲಿಲ್ಲ. ಬೆನ್ನುನೋವಿನ ಸಂಶೋಧನೆಗೆಂದು ಮಣಿಪಾಲಕ್ಕೆ ಕರೆಸಿದ್ದ ಕಟ್ಟಡ ಕೂಲಿಗಳಲ್ಲಿ ಅವಳೂ ಒಬ್ಬಳು.

“ಎಕ್ಸ್‌ರೇದಾಗ ಏನೂ ಇಲ್ಲಂತ್ರೀ ಮೇಡಂ. ಕೆಲಸ ತಪ್ಪಿಸಾಕ ನಾಟಕ ಮಾಡ್ತಾಳ ಇಕಿ” ಎಂದ ಗಂಡ ರೇವಪ್ಪ.

ಝೀಟಾ ಅವನ ಸೊಂಟವನ್ನೂ ಅದೇ ಉಪಕರಣದಿಂದ ಅಷ್ಟೇ ಒತ್ತಿದರು. “ನೋವುಂಟಾ?”

“ಇಲ್ರೀ.”

“ಇಷ್ಟಕ್ಕೇ ನಿಮ್ಮ ಹೆಂಡತಿ ಮಂಚ ಗಟ್ಟಿ ಹಿಡ್ಕೊಂಡಿದ್ದಾರೆ, ನೋಡಿ. ಮೂಳೆ ಸರಿ ಉಂಟು, ಆದ್ರೆ ನೋವೂ ಉಂಟು. ನಾಟಕ ಅಲ್ಲ ಮಾರಾಯ್ರೆ.”

ರೇವಪ್ಪ ಹೆಂಡತಿಯ ಕೈ ನೋಡಿದ. ಶರಣಮ್ಮ ಮಂಚದಿಂದ ಇಳಿಯುತ್ತ, ಇಷ್ಟು ದಿನ ಅವನೆದುರು ನುಂಗಿಕೊಂಡದ್ದನ್ನು ಗಟ್ಟಿಯಾಗಿಯೇ ಹೇಳಿದಳು: “ಯವ್ವಾ... ತಡಕೊಳ್ಳಾಕ ಆಗವಲ್ದು.”