ಸಣ್ಣ ಗುಂಡು

ನನ್ನ ಮೊಮ್ಮಗಳು ಏರ್ ರೈಫಲ್‌ನಲ್ಲಿ ರಾಜ್ಯ ತಂಡಕ್ಕೆ ಆಯ್ಕೆಯಾದಳು! ಬೆಳಗ್ಗೆಯಿಂದ ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಕಂಡವರಿಗೆಲ್ಲ ಹೇಳಿದೆ, ಹಾಲಿನವನಿಗಂತೂ ಎರಡು ಸಲ ಹೇಳಿದೆ. ಅವಳ ಬಂದೂಕಿನ ಎಣ್ಣೆ ವಾಸನೆ ಮೂಗಿಗೆ ಬಂದರೆ ನನಗೆ ಈಗಲೂ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಆಗ ನನಗೆ ಹತ್ತು ವರ್ಷ. ತರಗುಪೇಟೆಯ ನಮ್ಮ ಬೇಳೆ ಮಂಡಿಯಲ್ಲಿ ಹೆಗ್ಗಣಗಳು ಮೂಟೆ ಕಡಿಯುತ್ತಿದ್ದವು. ಅವನ್ನು ಹೊಡೆಯಲು ಏರ್‌ಗನ್ ತರೋಣವೆಂದು ಅಪ್ಪ, ಚಿಕ್ಕಪ್ಪ ಹೊರಟರು. ನಾನೂ ಹಟ ಮಾಡಿ ಹಿಂದೆ ಹೋದೆ. ಬಂದೂಕಿನ ಅಂಗಡಿಯವರು ಗಟ್ಟಿ ಸ್ಪ್ರಿಂಗಿನ ಎರಡು ಬಂದೂಕು ತೋರಿಸಿ, ಅವುಗಳ ಎರಡು ಅಳತೆಯ ಗುಂಡುಗಳನ್ನು ಮುಂದಿಟ್ಟರು. ಅಪ್ಪ ಅಭ್ಯಾಸದಂತೆ ಅವನ್ನು ಅಂಗೈಗೆ ಸುರಿದುಕೊಂಡು, ಊದಿ, ಒಂದನ್ನು ಹಲ್ಲಿಗಿಟ್ಟು ಕಚ್ಚಿಯೇಬಿಟ್ಟರು.

"ಅಯ್ಯೋ, ಉಗೀರಿ ಸಾಹುಕಾರ್ರೇ! ಅದು ಸೀಸ, ತೊಗರಿಯಲ್ಲ!" ಎಂದು ಅಂಗಡಿಯವರು ನಕ್ಕರು. "ಹೆಗ್ಗಣಕ್ಕಾದ್ರೆ ದೊಡ್ಡ ಗುಂಡಿಂದು ತಗೊಳ್ಳಿ, ಏಟು ಜೋರು. ಗುರಿ ಕಲಿಯೋರಿಗಾದ್ರೆ ಸಣ್ಣದು, ನೇರ ಹೋಗುತ್ತೆ. ಒಂದರ ಗುಂಡು ಇನ್ನೊಂದಕ್ಕೆ ಆಗಲ್ಲ, ಯೋಚ್ನೆ ಮಾಡಿ."

"ಅಪ್ಪಾ, ನಂಗೂ ಕಲಿಸ್ತೀಯಾ?" ಎಂದೆ.

"ಹೆಣ್ ಹುಡ್ಗಿಗ್ಯಾಕೆ ಬಂದೂಕು? ಅಣ್ಣಾ, ದೊಡ್ಡದೇ ಇರ್ಲಿ," ಎಂದರು ಚಿಕ್ಕಪ್ಪ.

ಅಪ್ಪ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು.

"ಸಣ್ಣದೇ ಕೊಡಿ."

ಸಂಜೆ ಮನೆಯವರೆಲ್ಲ ಸಾಲಾಗಿ ಊಟಕ್ಕೆ ಕೂತಾಗ ಚಿಕ್ಕಪ್ಪ ದೂರು ಹೇಳಿದರು. ಅಮ್ಮ ಸಾರು ಬಡಿಸುತ್ತ, "ಹಾಗಾದ್ರೆ ಹೆಗ್ಗಣಕ್ಕೇನು ಮಾಡ್ತೀರಿ?" ಎಂದು ಕೇಳಿದಳು.

ಅಪ್ಪ ತಮ್ಮ ಹಪ್ಪಳವನ್ನು ನನ್ನ ತಟ್ಟೆಗೆ ಹಾಕಿ, "ಒಂದು ಬೆಕ್ಕು ತಂದ್ರಾಯ್ತು ಬಿಡೇ," ಎಂದು ಅನ್ನ ಕಲಸಿಕೊಂಡರು.